ಎರಡು ಚುಕ್ಕೆಯ ಪತಂಗ

ಅನಾಹುತಕ್ಕೆ ಕಾರಣ ಒಂದು ಸೀನು. ವಸ್ತುಸಂಗ್ರಹಾಲಯದ ಕೀಟ ವಿಭಾಗದ ಮೇಲ್ವಿಚಾರಕ ಬೆಳಿಗ್ಗೆ ಡ್ರಾಯರ್ ಎಳೆದು, ಗಾಜಿನ ಮುಚ್ಚಳ ತೆಗೆದು ಬಗ್ಗುವಷ್ಟರಲ್ಲಿ ಅದು ಬಂದುಬಿಟ್ಟಿತು. ಕಣ್ಣು ತೆರೆದಾಗ ಸೂಜಿ ಇತ್ತು, ಪತಂಗ ಇರಲಿಲ್ಲ. ಮೂವತ್ತು ವರ್ಷ ಉಸಿರು ಬಿಗಿಹಿಡಿದು ಕಾಪಾಡಿದ್ದು ಅವನ ಅಂಗಿತೋಳಿನ ಮೇಲೆ ಚಿಟಿಕೆ ನಶ್ಯದಂತೆ ಬಿದ್ದಿತ್ತು.

ಅಕ್ಕಿಕಾಳಿನಷ್ಟು ಉದ್ದದ ಪತಂಗ. ಬೂದಿ ಬಣ್ಣ, ರೆಕ್ಕೆಗೊಂದು ಕಪ್ಪು ಚುಕ್ಕೆ, ಅಂಚಿಗೆ ಕೂದಲಿನ ಕುಚ್ಚು. ಸೂಜಿಯ ಕೆಳಗಿನ ಚೀಟಿಯ ಪ್ರಕಾರ ಅದರ ನೆಲೆ ಒಂದೇ ಒಂದು ಗುಡ್ಡ. ಅಲ್ಲೂ ಆಮೇಲೆ ಯಾರಿಗೂ ಸಿಕ್ಕಿರಲಿಲ್ಲ. ಅದನ್ನು ನೋಡಲೆಂದೇ ಮಧ್ಯಾಹ್ನ ದೂರದಿಂದ ತಜ್ಞೆಯೊಬ್ಬರು ಬರುವವರಿದ್ದರು. ಅವನ ನಿವೃತ್ತಿಗೆ ಇನ್ನೊಂದೇ ವರ್ಷ ಉಳಿದಿತ್ತು.

"ಇದಕ್ಕೆಲ್ಲ ಮುಖ ಸಪ್ಪೆ ಮಾಡ್ಕೊಂಡ್ರೆ ಹೇಗೆ ಸಾರ್?" ಎಂದಳು ಟೈಪಿಸ್ಟ್. "ಟಾಯ್ಲೆಟ್ ಗೋಡೆ ಮೇಲೆ ಇಂಥವು ಕೂತಿರ್ತವೆ. ಒಂದು ಹಿಡಿದು ಚುಚ್ಚಿ, ಸುಮ್ಮನಿರಿ."

"ಮೋಸ ಆಗಲ್ವೇನಮ್ಮ?"

"ಕೆಲಸ ಹೋಗೋದಕ್ಕಿಂತ ವಾಸಿ ಅಲ್ವಾ?"

ಅವನು ಅರ್ಧ ಗಂಟೆ ಶೌಚಾಲಯದ ಕದ ಹಾಕಿಕೊಂಡು ಸ್ಟೂಲು ಹತ್ತಿ ಇಳಿದ. ಕಾವಲುಗಾರ ಕದ ಬಡಿದು "ಹೊಟ್ಟೆ ಸರಿ ಇಲ್ವಾ ಸಾರ್?" ಎಂದು ವಿಚಾರಿಸಿ, ಇಡೀ ಕಚೇರಿಗೆ ಸುದ್ದಿ ಮುಟ್ಟಿಸಿದ. ಒಬ್ಬೊಬ್ಬರೂ ಬಂದು ಹೊರಗಿನಿಂದಲೇ ಒಂದೊಂದು ಔಷಧ ಹೇಳಿ ಹೋದರು. ಕೊನೆಗೂ ಒಂದು ಸಿಕ್ಕಿತು. ಬಣ್ಣ ಸರಿಯಾಗಿತ್ತು, ಚುಕ್ಕೆ ಕೊಂಚ ಮಾಸಿತ್ತು. ಅದರ ಪ್ರಾಣ ತೆಗೆದು ಹಳೆಯ ಸೂಜಿಗೆ ಏರಿಸಿದ. ಪಾಪ, ಅದೇನು ತಪ್ಪು ಮಾಡಿತ್ತು.

ತಜ್ಞೆ ಬಂದರು. ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಅವನ ಬೆನ್ನ ಮೇಲೆ ಬೆವರು ಇರುವೆ ಸಾಲಿನಂತೆ ಇಳಿಯಿತು.

"ಇದು ನೀವು ಅಂದ್ಕೊಂಡಿರೋ ಪತಂಗ ಅಲ್ಲ," ಎಂದರು ಆಕೆ.

ಅವನು ಕಣ್ಣು ಮುಚ್ಚಿದ.

"ಇಂಥದ್ದನ್ನ ಇದುವರೆಗೆ ಯಾರೂ ಕಂಡಿಲ್ಲ. ಹೊಸ ಜಾತಿ. ಇನ್ನೂ ಒಂದೆರಡು ಸಿಗಲೇಬೇಕು."

ಪಕ್ಕದಲ್ಲೇ ನಿಂತಿದ್ದ ನಿರ್ದೇಶಕರು ಮೊದಲ ಸಲ ಅವನ ಹೆಗಲ ಮೇಲೆ ಕೈ ಹಾಕಿದರು. "ನಾಳೆ ಬೆಳಿಗ್ಗೆ ನೀವೇ ಮೇಡಂನ ಆ ಗುಡ್ಡಕ್ಕೆ ಕರ್ಕೊಂಡು ಹೋಗಿ."

ಮಂಡಿನೋವಿನ ಮನುಷ್ಯ ಗುಡ್ಡ ಹತ್ತುವ ಮಾತು ಕೇಳಿಯೇ ನಿಜ ಹೇಳಿಬಿಟ್ಟ. ನಿರ್ದೇಶಕರ ಕೈ ಹೆಗಲಿನಿಂದ ಜಾರಿತು. ಆದರೆ ತಜ್ಞೆ ನಕ್ಕರು.

"ಹಳೇದು ಹೋದ್ರೆ ಹೋಯ್ತು. ಹೊಸದು ಇಲ್ಲೇ ಇದೆಯಲ್ಲ. ನಡೀರಿ, ತೋರಿಸಿ. ಸಿಕ್ಕಿದ್ರೆ ನಿಮ್ಮ ಹೆಸರೇ ಇಡೋಣ."

ಅವನ ಎದೆ ಹಗುರಾಯಿತು. ಎಲ್ಲರಿಗಿಂತ ಮುಂದೆ ತಾನೇ ಕುಂಟುತ್ತ ನಡೆದ.

ಶೌಚಾಲಯದ ಬಾಗಿಲಲ್ಲಿ ಕಾವಲುಗಾರ ಮೂಗಿಗೆ ಬಟ್ಟೆ ಕಟ್ಟಿಕೊಂಡು ನಿಂತಿದ್ದ. ಕೈಯಲ್ಲಿ ಕೀಟನಾಶಕದ ಪಂಪು.

"ಬನ್ನಿ ಮೇಡಂ. ನೀವು ಬರ್ತೀರ ಅಂತ ಕಟ್ಟಡದ ಮೂಲೆ ಮೂಲೆಗೂ ಹೊಡ್ದು, ಗೋಡೆ ಎಲ್ಲಾ ತೊಳೆದಿದೀನಿ. ಹುಡುಕಿದ್ರೂ ಒಂದು ಹುಳ ಸಿಗಲ್ಲ."

ತಜ್ಞೆ ಭೂತಗನ್ನಡಿಯನ್ನು ಚೀಲಕ್ಕೆ ಹಾಕಿಕೊಂಡರು. ನಿರ್ದೇಶಕರು ಆಗಲೇ ತಿರುಗಿ ಹೊರಟಿದ್ದರು, ಟೈಪಿಸ್ಟ್‌ಗೆ ಹೇಳಿ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆಯುವ ಕಾಗದ ಬರೆಸುವುದಕ್ಕೆ.