ಅಗತ್ಯ ಸಾಬೀತಾಗಿಲ್ಲ

ಬೆಳಿಗ್ಗೆ ಏಳು ಗಂಟೆಗೇ ಮನೆಯಲ್ಲಿ ಜಗಳ ಹತ್ತಿಕೊಂಡಿತ್ತು. ಕಾರಣ ಊಟದ ಮೇಜಿನ ಮೇಲೆ ಕೂತಿದ್ದ ಒಂದು ಎದೆಹಾಲಿನ ಪಂಪು. ಅಂಗೈಯಷ್ಟು ಯಂತ್ರ, ಅದಕ್ಕೊಂದು ಪ್ಲಾಸ್ಟಿಕ್ ಆಲಿಕೆ, ಕೆಳಗೊಂದು ಪುಟ್ಟ ಬಾಟಲಿ. ಮನೆಯ ಸೊಸೆಗೆ ಅವಳ ಅಕ್ಕ ಕೊಡಿಸಿದ್ದು.

ಬಾಣಂತನದ ರಜೆ ಮುಗಿಸಿ ಅವಳು ಅಂದು ಕೆಲಸಕ್ಕೆ ಹೊರಟಿದ್ದಳು. ನಾಲ್ಕು ತಿಂಗಳ ಮಗಳು ಡಬ್ಬಿಯ ಹಾಲನ್ನು ಬಾಯಿಗಿಟ್ಟರೆ ಸಾಕು, ಫೂ ಎಂದು ಉಗಿಯುತ್ತಿದ್ದಳು. ಎಂಟಕ್ಕೆ ಮನೆ ಬಿಟ್ಟರೆ ಮತ್ತೆ ಕೂಸಿನ ಮುಖ ಕಾಣುವುದು ಸಂಜೆ ಆರಕ್ಕೆ. "ನಡುವೆ ಎರಡು ಸಲ ಹಾಲು ತೆಗೀಲೇಬೇಕಮ್ಮ, ಇಲ್ದಿದ್ರೆ ಇಳಿದುಹೋಗುತ್ತೆ" ಎಂದು ಆಸ್ಪತ್ರೆಯ ನರ್ಸ್ ಹೇಳಿ ಕಳಿಸಿದ್ದಳು. ಫ್ರಿಜ್ಜಿನಲ್ಲಿದ್ದ ಮೂರು ಬಾಟಲಿ ಇವತ್ತಿಗೆ ಸರಿಹೋಗುತ್ತಿತ್ತು. ನಾಳೆಯ ಹಾಲು ಇವತ್ತು ಆಫೀಸಿನಿಂದಲೇ ಬರಬೇಕು.

"ನಾಲ್ಕು ಮಕ್ಕಳಿಗೆ ಕುಡಿಸಿದೀನಿ ನಾನು. ಒಂದಕ್ಕೂ ಮಿಷಿನ್ ಕಟ್ಕೊಂಡಿಲ್ಲ," ಎಂದರು ಅತ್ತೆ.

"ನೀವು ಆಫೀಸಿಗೆ ಹೋಗ್ತಿದ್ರಾ ಅತ್ತೆ?"

"ಅದಕ್ಕೇ ಹೋಗ್ಲಿಲ್ಲ."

ಗಂಡ ಮೊಬೈಲಿನಿಂದ ತಲೆ ಎತ್ತಲಿಲ್ಲ. "ಇದ್ರಲ್ಲಿ ಅರ್ಧ ಜನ ಬೇಕು ಅಂತಾರೆ, ಅರ್ಧ ಜನ ಬೇಡ ಅಂತಾರೆ ಕಣೇ. ಸಂಜೆ ಆರಾಮಾಗಿ ಕೂತು ತೀರ್ಮಾನ ಮಾಡೋಣ."

"ಸಂಜೆವರೆಗೂ ನನ್ನ ಎದೆ ನಿಮ್ಮ ತೀರ್ಮಾನಕ್ಕೆ ಕಾಯ್ತಾ ಕೂರುತ್ತೇನ್ರೀ?"

ಅಷ್ಟರಲ್ಲಿ ಪೇಪರ್ ಕೇಳಲು ಬಂದ ಮೇಲಿನ ಮನೆಯ ರಿಟೈರ್ಡ್ ಮೇಷ್ಟ್ರು, ಯಂತ್ರವನ್ನು ಎತ್ತಿ, ತಿರುಗಿಸಿ, ಆಲಿಕೆಯೊಳಗೆ ಒಂದು ಕಣ್ಣಿಟ್ಟು ನೋಡಿ ಕೇಳಿದರು: "ಇದೆಲ್ಲ ಯಾಕಮ್ಮ? ಕೈಯಲ್ಲೇ ಆಗುತ್ತಲ್ವಾ?"

"ನಿಮಗೆ ಎಷ್ಟು ವರ್ಷದ ಅನುಭವ ಮೇಷ್ಟ್ರೇ?"

ಮೇಷ್ಟ್ರು ಪೇಪರನ್ನೂ ಮರೆತು ಮೆಟ್ಟಿಲು ಹತ್ತಿದರು. ಹೆಣ್ಣಿನ ಎದೆಹಾಲಿನ ಬಗ್ಗೆ ಅಭಿಪ್ರಾಯವೇ ಇಲ್ಲದ ಜೀವ ಈ ಲೋಕದಲ್ಲಿ ಒಂದೇ, ಅದು ಕುಡಿಯುವ ಕೂಸು. ಉಳಿದವರೆಲ್ಲ ಪಂಡಿತರೇ. ಅವಳು ಪಂಪನ್ನು ಕುದಿನೀರಿನಲ್ಲಿ ಇನ್ನೊಮ್ಮೆ ತೊಳೆದು, ಐಸ್ ಡಬ್ಬಿಯ ಜೊತೆ ಬ್ಯಾಗಿಗೆ ತುರುಕಿ, ಮಗಳ ನೆತ್ತಿಗೆ ಮುತ್ತಿಟ್ಟು, ಯಾರಿಗೂ ಹೋಗಿಬರ್ತೀನಿ ಎನ್ನದೆ ಹೊರಟುಬಿಟ್ಟಳು.

ಅವಳ ಕೆಲಸ ವಿಮಾ ಕಂಪನಿಯಲ್ಲಿ. ಕಾಲು ಮುರಿಯಿತು, ಅಂಗಡಿ ಸುಟ್ಟಿತು ಎಂದು ಜನ ಪರಿಹಾರ ಕೇಳಿ ಬರೆದ ಅರ್ಜಿಗಳಲ್ಲಿ ತೂತು ಹುಡುಕಿ ತಳ್ಳಿಹಾಕುವುದು. ಅದರಲ್ಲಿ ಅವಳದು ಎತ್ತಿದ ಕೈ. ದಿನಕ್ಕೆ ಇಪ್ಪತ್ತು ಅರ್ಜಿಯನ್ನು ಸೀಳಿ ಎಸೆದು, ಸಂಜೆಗೆ ಯಾರದು ಏನಿತ್ತು ಎಂಬುದನ್ನೂ ಮರೆತುಬಿಡುವವಳು. ಆಫೀಸಿನಲ್ಲಿ ಅವಳಿಗೆ 'ಕತ್ತರಿ ಮೇಡಂ' ಎಂದೇ ಹೆಸರು. ಅದನ್ನವಳು ಬಿರುದು ಎಂದುಕೊಂಡಿದ್ದಳು.

ಹೋದವಳೇ ಹೆಡ್ ಕ್ಲರ್ಕ್ ಮುಂದೆ ನಿಂತಳು. "ಕೊನೇ ರೂಮು ಖಾಲಿ ಬಿದ್ದಿದೆಯಲ್ಲ, ಅದರ ಬೀಗದ ಕೈ ಕೊಡಿ. ಹನ್ನೊಂದಕ್ಕೆ ಇಪ್ಪತ್ತು ನಿಮಿಷ, ಮೂರಕ್ಕೆ ಇಪ್ಪತ್ತು ನಿಮಿಷ. ಹಾಲು ತೆಗೀಬೇಕು."

"ಕೊಡೋಣ ಮೇಡಂ, ಅದಕ್ಕೇನಂತೆ. ಒಂದು ಅರ್ಜಿ ಬರೀರಿ."

ಬರೆದಳು. ಹೆಡ್ ಕ್ಲರ್ಕ್ ಕನ್ನಡಕ ಏರಿಸಿದ. ಮೂವತ್ತು ವರ್ಷ ಪರಿಹಾರದ ಅರ್ಜಿ ಬಿಟ್ಟು ಬೇರೆ ಕಾಗದ ಕಂಡವನಲ್ಲ. ಅವನ ಕೈಗೆ ಮದುವೆಯ ಕರೆಯೋಲೆ ಕೊಟ್ಟರೂ ನಷ್ಟ ಎಷ್ಟು ಎಂದೇ ಕೇಳುತ್ತಿದ್ದ.

"ಘಟನೆ ನಡೆದ ದಿನಾಂಕ ಹಾಕಿಲ್ಲ ನೀವು."

"ಘಟನೆ ಅಲ್ರೀ ಅದು, ಹಾಲು! ದಿನಾ ಬರುತ್ತೆ!"

"ದಿನಾ ಬರೋದಾದ್ರೆ ನಷ್ಟ ಹೇಗಾಯ್ತು? ಹೋಗ್ಲಿ, ಸಾಕ್ಷಿ?"

"ಸಾಕ್ಷಿ ಮನೇಲಿ ತೊಟ್ಟಿಲಲ್ಲಿ ಮಲಗಿದೆ!"

"ಆ ಮಗು ಫಲಾನುಭವಿ ಮೇಡಂ. ಫಲಾನುಭವಿ ಸಾಕ್ಷಿ ಹೇಳೋ ಹಾಗಿಲ್ಲ. ನಿಮಗೆ ಗೊತ್ತಿಲ್ದೇ ಇರೋದಾ?"

ಅವಳ ಪಿತ್ತ ನೆತ್ತಿಗೇರಿತು. ಅರ್ಜಿಯ ಜಗ್ಗಾಟದಲ್ಲೇ ಗಂಟೆ ಹನ್ನೊಂದಾಗಿತ್ತು, ಎದೆ ಕಲ್ಲಾಗಿ ಜುಮುಜುಮು ಎನ್ನುತ್ತಿತ್ತು. ನಿಮ್ಮ ರೂಮು ನೀವೇ ಪೂಜೆ ಮಾಡ್ಕೊಳ್ಳಿ ಎಂದು ಬ್ಯಾಗ್ ಎತ್ತಿಕೊಂಡು ಟಾಯ್ಲೆಟ್ಟಿಗೆ ನುಗ್ಗಿ ಚಿಲಕ ಹಾಕಿಕೊಂಡಳು.

ಪಂಪು ಜೇನುಹುಳುವಿನ ಹಾಗೆ ಗುಂಯ್‌ಗುಟ್ಟತೊಡಗಿತು. ಎರಡೇ ನಿಮಿಷ. ಹೊರಗೆ ಯಾರೋ "ಗೋಡೆ ಒಳಗೆ ವೈರು ಸುಡ್ತಾ ಇದೆ!" ಎಂದು ಕೂಗಿದರು. ಎಲೆಕ್ಟ್ರಿಷಿಯನ್ ಓಡಿಬಂದು ಇಡೀ ಮಹಡಿಯ ಕರೆಂಟ್ ತೆಗೆದ. ಫ್ಯಾನು ನಿಂತವು, ಕಂಪ್ಯೂಟರುಗಳು ಕಣ್ಣುಮುಚ್ಚಿದವು. ಬ್ಯಾಟರಿಯ ಪಂಪಿಗೆ ಅದರ ಗೊಡವೆಯೇ ಇಲ್ಲ.

"ಮೇನ್ ಆಫ್ ಮಾಡಿದ್ರೂ ಸದ್ದು ನಿಲ್ತಿಲ್ಲ ಸಾರ್!" ಎಂದು ಎಲೆಕ್ಟ್ರಿಷಿಯನ್ ಬೊಬ್ಬೆ ಹೊಡೆದ. ನಲವತ್ತು ಜನ ಮೆಟ್ಟಿಲಿಳಿದು ಬೀದಿಯಲ್ಲಿ ನಿಂತರು. ಬಾಗಿಲಿಗೆ ದಬದಬ ಗುದ್ದು ಬಿತ್ತು. ಅವಳು ಬೆಚ್ಚಿದ ಹೊಡೆತಕ್ಕೆ ಬಾಟಲಿ ಜಾರಿ, ತೆಗೆದ ಹಾಲೆಲ್ಲ ಟಾಯ್ಲೆಟ್ಟಿನ ನೆಲದ ಪಾಲಾಯಿತು. ನಾಳೆ ಮಗಳು ಕುಡಿಯಬೇಕಿದ್ದ ಹಾಲು. ಅವಳಿಗೆ ಅಳು ಬರಲಿಲ್ಲ. ಯಾರನ್ನಾದರೂ ಹಿಡಿದು ಬಡಿಯಬೇಕು ಅನ್ನಿಸಿತು.

ಸದ್ದು ಪಂಪಿನದೆಂದು ಬಯಲಾಗಿ ಸಾಹೇಬರ ಕೋಣೆಯಿಂದ ಕರೆ ಬಂದಾಗ ಮಧ್ಯಾಹ್ನವಾಗಿತ್ತು. ಸಾಹೇಬರು ಈ ಆಫೀಸಿಗೆ ಬಂದು ಎರಡೇ ತಿಂಗಳು, ಒಳ್ಳೆಯ ಮನುಷ್ಯರು, ಎಲ್ಲದಕ್ಕೂ "ನೋಡೋಣ" ಎನ್ನುವವರು.

"ರೂಮು ಕೊಡೋಕೆ ನಂದೇನೂ ಅಡ್ಡಿ ಇಲ್ಲಮ್ಮ. ಆದ್ರೆ ನಿಮಗೆ ಈ ಪಂಪು ಬೇಕೋ ಬೇಡ್ವೋ ಅನ್ನೋದು ಮೊದಲು ತೀರ್ಮಾನ ಆಗ್ಬೇಕಲ್ಲ. ಹಿಂದೆ ಇಂಥದ್ದು ಬಂದಿತ್ತೇನ್ರೀ?"

"ಬಂದಿತ್ತು ಸಾರ್," ಎಂದು ಹೆಡ್ ಕ್ಲರ್ಕ್ ಕಡತ ಬಿಚ್ಚಿದ. "ಮಾದರಿ ಟಿಪ್ಪಣಿ. ನಮ್ಮ ಎಲ್ಲ ಶಾಖೆಗಳೂ ಇದನ್ನೇ ಅನುಸರಿಸ್ತಾವೆ." ಗಂಟಲು ಸರಿಮಾಡಿಕೊಂಡು ಓದಿದ: "'ಅರ್ಜಿದಾರಳ ಅಗತ್ಯ ಸಾಬೀತಾಗಿಲ್ಲ. ಹೆರಿಗೆ ಕಾಯಿಲೆಯಲ್ಲ, ಹಾಲು ನಷ್ಟವಲ್ಲ. ಯಂತ್ರವಿಲ್ಲದ ಕಾಲದಲ್ಲೂ ಮಕ್ಕಳು ಬೆಳೆದಿದ್ದಾರೆ. ಕಚೇರಿಗೆ ಬರುವ ಮುಂಚೆ ಮತ್ತು ಹೋದ ಮೇಲೆ ಹಾಲುಣಿಸಲು ಅರ್ಜಿದಾರಳಿಗೆ ಯಾವ ತಡೆಯೂ ಇಲ್ಲ.'"

"ಆಹಾ," ಎಂದರು ಸಾಹೇಬರು. "ಸೂಜಿ ತೂರೋಕೂ ಜಾಗ ಬಿಟ್ಟಿಲ್ಲ."

ಅವಳು ಮೇಜು ಗುದ್ದಿದ ರಭಸಕ್ಕೆ ನೀರಿನ ಲೋಟ ಹಾರಿಬಿತ್ತು. "ಯಾವನ್ರೀ ಅವನು ಕಲ್ಲೆದೆಯವನು? ಹೆತ್ತ ತಾಯಿ ಹಾಲು ಕುಡಿದು ಬೆಳೆದವನಾ, ಇಲ್ಲ ಇಂಕು ಕುಡಿದಾ? ಎದೆ ಕಟ್ಟಿದಾಗ ಜ್ವರ ಬರುತ್ತೆ ಅಂತ ಗೊತ್ತಾ ಆ ಮುಠ್ಠಾಳನಿಗೆ? ಕರೆಸಿ ಅವನನ್ನ! ನನ್ನ ಮುಂದೆ ನಿಂತು ಓದ್ಲಿ ನೋಡೋಣ!"

"ನಕಲು ಪ್ರತೀಲಿ ಹೆಸರಿಲ್ಲ ಮೇಡಂ. ಮೂಲ ಪ್ರತಿ ಟೈಪಿಸ್ಟ್ ಹತ್ರ ಇದೆ."

ಟೈಪಿಸ್ಟ್ ಬಂದಳು. ಇಪ್ಪತ್ತೇಳು, ಇಪ್ಪತ್ತೆಂಟರ ಹುಡುಗಿ, ಮೆಲುಮಾತಿನವಳು. ಹಳದಿ ಕಾಗದವೊಂದನ್ನು ಮೇಜಿನ ಮೇಲಿಟ್ಟು ಪಕ್ಕಕ್ಕೆ ಸರಿದಳು. ಕತ್ತರಿ ಮೇಡಂ ಅದನ್ನು ಕಸಿದು ಕೊನೆಯ ಸಾಲಿಗೆ ಕಣ್ಣು ಹಾಯಿಸಿದಳು.

ಸಹಿ ಅವಳದೇ. ತಾರೀಖು ಒಂದೂವರೆ ವರ್ಷ ಹಿಂದಿನದು. ಅರ್ಜಿದಾರಳು: ಟೈಪಿಸ್ಟ್.

"ಕೊನೇ ರೂಮನ್ನೇ ಕೇಳಿದ್ದೆ ಮೇಡಂ," ಎಂದಳು ಟೈಪಿಸ್ಟ್, ಯಾರ ಮುಖವನ್ನೂ ನೋಡದೆ. "ಅರ್ಜಿ ಪರಿಹಾರದ ಕಟ್ಟಿನ ಜೊತೆ ನಿಮ್ಮ ಮೇಜಿಗೇ ಬಂದಿತ್ತು. ಮೂರು ವಾರಕ್ಕೆ ಹಾಲು ನಿಂತೋಯ್ತು. ಆ ಟಿಪ್ಪಣೀನ ಎಲ್ಲ ಶಾಖೆಗೂ ಟೈಪ್ ಮಾಡಿದ್ದೂ ನಾನೇ."

ಬೆಳಗಿನಿಂದ ಲೋಕದ ಮೇಲೆಲ್ಲ ಹಾರಾಡಿದ ಸಿಟ್ಟು ಈಗ ಹೋಗಲು ಬೇರೆ ಜಾಗವಿಲ್ಲದೆ ಕತ್ತರಿ ಮೇಡಂ ಮೇಲೆಯೇ ತಿರುಗಿಬಿತ್ತು. ಕ್ಷಮಿಸು ಎನ್ನಲು ಬಾಯಿ ತೆರೆದವಳು ಬದಲಿಗೆ ಸಾಹೇಬರ ಪೆನ್ನನ್ನು ಕಿತ್ತುಕೊಂಡಳು.

"ತಪ್ಪು ಇದು. ನಾನು ಬರೆದದ್ದು ಶುದ್ಧ ತಪ್ಪು. ಈ ಕ್ಷಣವೇ ರದ್ದು ಮಾಡಿ ಬರೀತೀನಿ, ಕಾಗದ ಕೊಡಿ!"

"ಭೇಷ್!" ಎಂದು ಸಾಹೇಬರು ಎದ್ದೇ ನಿಂತರು. "ಬರೆದವರೇ ರದ್ದು ಮಾಡಿದ್ರೆ ಕೇಳೋರು ಯಾರು? ಬರೀರಿ ಅಮ್ಮ."

ಹೆಡ್ ಕ್ಲರ್ಕ್ ಮೆತ್ತಗೆ ಕೆಮ್ಮಿ, ಅವಳ ಕೈಯಿಂದ ಪೆನ್ನು ತೆಗೆದುಕೊಂಡು ಮುಚ್ಚಳ ಹಾಕಿದ.

"ತನಗೇ ಲಾಭ ಇರೋ ವಿಷಯದಲ್ಲಿ ಅಧಿಕಾರಿ ತೀರ್ಮಾನ ಬರೆಯೋ ಹಾಗಿಲ್ಲ ಸಾರ್. ನಿಯಮ."

"ಮತ್ತೆ ಯಾವಾಗ್ರೀ ಬರೀಲಿ ನಾನು?" ಎಂದು ಅವಳು ಕಿರುಚಿದಳು.

"ನಿಮ್ಮ ಮಗು ಹಾಲು ಬಿಟ್ಟ ಮೇಲೆ ಮೇಡಂ. ಆಗ ಪಂಪಿನ ಅಗತ್ಯಾನೇ ಇರಲ್ಲ ನೋಡಿ, ಧಾರಾಳವಾಗಿ ಬರೀಬಹುದು."