ಕೈ ಮಾಡಿದರೆ ನಿಲ್ಲದ ಗಾಡಿ

ಮನುಷ್ಯನಿಗೆ ನಿವೃತ್ತಿ ಕೊಡಬಹುದು, ಅವನ ಕಾಲಿಗೆ ಕೊಡುವುದು ಕಷ್ಟ. ಮೂವತ್ತು ವರ್ಷ ಕುಮಟಾ–ಭಟ್ಕಳ ಟೆಂಪೋ ಓಡಿಸಿದ ನನ್ನ ಬಲಗಾಲೇ ಇದಕ್ಕೆ ಸಾಕ್ಷಿ. ನಮ್ಮ ಕಡೆ ಟೆಂಪೋಗೆ ಪ್ರತ್ಯೇಕ ನಿಲ್ದಾಣ ಬೇಕಿಲ್ಲ; ಯಾರು ಎಲ್ಲಿ ಕೈ ಮಾಡುತ್ತಾರೋ ಅದೇ ನಿಲ್ದಾಣ. ಅವರು ಹತ್ತಲೇಬೇಕೆಂದೂ ಇಲ್ಲ. ಶಿರಾಲಿಯ ಮಗಳ ಮನೆಗೆ ಒಂದು ಕಟ್ಟು ಹಪ್ಪಳ ಮುಟ್ಟಿಸಬೇಕಾದವರು, ಹಿಂದೆ ಬರುವ ಟೆಂಪೋ ಎಷ್ಟು ಹೊತ್ತಿಗೆ ಎಂದು ಕೇಳಬೇಕಾದವರು, ಎಲ್ಲರೂ ಕೈ ಮಾಡುತ್ತಾರೆ, ನಾನು ನಿಲ್ಲಿಸುತ್ತಿದ್ದೆ. ಈಗ ಟೆಂಪೋ ಬಿಟ್ಟರೂ, ಹೆಂಡತಿ ಸಾವಿತ್ರಿ ಮೇಲಿನ ಡಬ್ಬಿ ತೆಗೆಯಲು ಕೈ ಎತ್ತಿದರೆ ಸಾಕು, ಜಗಲಿಯಲ್ಲಿ ಕೂತ ನನ್ನ ಬಲಗಾಲು ಬ್ರೇಕ್ ಎಂದು ನೆಲವನ್ನು ಒತ್ತುತ್ತದೆ. ಒಂದು ಮದುವೆಯಲ್ಲಿ ಇನ್ನೂರು ಜನ ಒಟ್ಟಿಗೆ ಅಕ್ಷತೆಗೆ ಕೈ ಎತ್ತಿದಾಗ ಮುಂದಿನ ಕುರ್ಚಿಯನ್ನು ಒತ್ತಿ ಅದರಲ್ಲಿದ್ದ ಹಿರಿಯರನ್ನು ಕೆಡವಿದ್ದೂ ಉಂಟು.

ಇಂಥ ಕಾಲನ್ನು ಇಟ್ಟುಕೊಂಡು ನಾನು ರೈಲು ಓಡಿಸಲು ಹೋದೆ. ನಮ್ಮೂರಿನ ಹೆಂಚಿನ ಕಾರ್ಖಾನೆಗೆ ಹೊಳೆದಂಡೆಯಿಂದ ಮಣ್ಣು ತರಲು ಹಿಂದೆ ಒಂದು ಕವಲು ಹಳಿ ಇತ್ತು. ಕಾರ್ಖಾನೆ ಮುಚ್ಚಿದ ಮೇಲೆ ಹಳಿಯನ್ನು ಪೊದೆ ನುಂಗಿತು, ಉಗಿ ಇಂಜಿನ್ನಿನ ಒಲೆಯಲ್ಲಿ ಯಾರದೋ ಕೋಳಿ ಮೊಟ್ಟೆ ಇಡುತ್ತಿತ್ತು. ನಿವೃತ್ತ ಹೆಡ್‌ಮಾಸ್ತರ್ ಹೆಗಡೆಯವರು ನಮ್ಮಂಥ ಏಳೆಂಟು ಕೆಲಸವಿಲ್ಲದವರನ್ನು ಸೇರಿಸಿ ಮಂಡಳಿ ಕಟ್ಟಿ, ಭಾನುವಾರ ಭಾನುವಾರ ಪೊದೆ ಕಡಿಸಿ, ತುಕ್ಕು ಕೆರೆಸಿ, ಕೋಳಿಯ ಯಜಮಾನರ ಹತ್ತಿರ ಬೈಸಿಕೊಂಡು, ಅಂತೂ ಇಂಜಿನ್ನಿಗೆ ಜೀವ ಬರಿಸಿ, ಹಿಂದೆ ಜನ ಕೂರಲು ಒಂದು ಬೋಗಿ ಕಟ್ಟಿದರು. ತೆಂಗಿನ ಸಿಪ್ಪೆ ಹಾಕಿದರೆ ಅದು ಓಡುತ್ತದೆ. ದೋಷ ಒಂದೇ: ಮಧ್ಯದ ಮೋರಿಯ ಏರಿನಲ್ಲಿ ನಿಂತರೆ ತಾನಾಗಿ ಹೊರಡುವುದಿಲ್ಲ, ಕೂತವರೇ ಇಳಿದು ನೂಕಬೇಕು. ಮಂಡಳಿಯಲ್ಲಿ ವಾಹನ ಓಡಿಸಿ ಉಂಡವನು ನಾನೊಬ್ಬನೇ ಆದ್ದರಿಂದ ಚಾಲಕನ ಜಾಗ ನನ್ನದಾಯಿತು; ನನ್ನ ಅಭ್ಯಾಸಕ್ಕೆಂದು ಬ್ರೇಕನ್ನೂ ಬಲಗಾಲಿಗೆ ಸಿಗುವಂತೆ ಕೂರಿಸಿದರು. ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿದ್ದ ಶಾನಭಾಗರಿಗೆ ಮೊದಲಿನಿಂದಲೂ ಆ ಜಾಗದ ಮೇಲೆ ಕಣ್ಣು.

ಪರೀಕ್ಷೆಯ ಓಟದ ದಿನ ನಾನು ಒಂದು ಮೈಲಿಯಲ್ಲಿ ಒಂಬತ್ತು ಕಡೆ ನಿಲ್ಲಿಸಿದೆ. ಒಬ್ಬರು ಸೌತೆಕಾಯಿ ಚೀಲ ಕೊಟ್ಟರು. ಏರಿನ ನಟ್ಟನಡುವೆ ಕೈ ಮಾಡಿದ ಅಜ್ಜನೊಬ್ಬ ಇದು ಕುಮಟೆಗೆ ಹೋಗುತ್ತದೋ ಎಂದು ಕೇಳಿದ. ಹೊಳೆದಂಡೆಯವರೆಗೆ ಮಾತ್ರ ಎಂದೆ. ಆತು, ಅಲ್ಲೀವರೆಗೆ ಬಿಡಿ ಎಂದು ಹತ್ತಿ ಕೂತ. ಉಳಿದವರು ಇಳಿದು ನೂಕಿದರು. ಬೆವರಿನಲ್ಲಿ ಮಿಂದ ಹೆಗಡೆಯವರು ಸಂಜೆ ನನ್ನನ್ನು ಪಕ್ಕಕ್ಕೆ ಕರೆದರು.

"ನಾಯ್ಕರೇ, ಉದ್ಘಾಟನೆ ದಿನ ಯಾರು ಕೈ ಮಾಡಿದ್ರೂ ನಿಲ್ಸೂದಲ್ಲ. ನಿಲ್ಸಿದ್ರೆ ಮರುದಿನದಿಂದ ಶಾನಭಾಗರು."

ಆ ರಾತ್ರಿ ನನಗೆ ಊಟ ಸೇರಲಿಲ್ಲ. ಟೆಂಪೋ ಬಿಟ್ಟ ಮೇಲೆ ನನ್ನನ್ನು ಜನ ಮತ್ತೆ ತಲೆಯೆತ್ತಿ ನೋಡುತ್ತಿದ್ದುದು ಆ ಇಂಜಿನ್ನಿನ ಮೇಲೆ ನಿಂತಾಗ ಮಾತ್ರ. ಅದು ಹೋದರೆ ಜಗಲಿಯೇ ಗತಿ.

ಉದ್ಘಾಟನೆಯ ದಿನ ನಾನು ಕಾರ್ಖಾನೆಯಿಂದ ಜನರನ್ನು ಕರೆದುಕೊಂಡು ಹೊಳೆದಂಡೆಯ ಚಪ್ಪರಕ್ಕೆ ಹೋಗಬೇಕು. ಅಲ್ಲಿ ಜಿಲ್ಲೆಯ ದೊಡ್ಡ ಅಧಿಕಾರಿಯೊಬ್ಬರು ರಿಬ್ಬನ್ ಕತ್ತರಿಸಿ, ಗಾಡಿ ಓಡಿಸಲು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಬೇಕು. ಖಾಕಿ ಇಸ್ತ್ರಿ ಮಾಡಿಸಿದ್ದೆ, ಮೀಸೆ ತಿದ್ದಿಸಿದ್ದೆ. ಗಾಡಿ ಹೊರಟ ಮೇಲೆ ಗೊತ್ತಾಯಿತು, ದೂರ ನೋಡುವ ಕನ್ನಡಕ ಮನೆಯಲ್ಲೇ ಉಳಿದಿದೆ. ಹಳಿಯ ಮೇಲೆ ಹೋಗುವ ಗಾಡಿಗೆ ಕನ್ನಡಕ ಎಂತಕ್ಕೆ ಎಂದು ಸಮಾಧಾನ ಮಾಡಿಕೊಂಡೆ.

ತಿರುವಿನಲ್ಲಿ ಒಂದು ಹಸಿರು ಸೀರೆ ಕೈ ಎತ್ತಿ ನಿಂತಿತ್ತು. ಹತ್ತಿರವಾದಾಗ ಸಾವಿತ್ರಿ ಎಂದು ತಿಳಿಯಿತು. ಎತ್ತಿದ ಕೈಯಲ್ಲಿ ಕನ್ನಡಕ. ನನ್ನ ಬಲಗಾಲು ಎದ್ದಿತು. ಅದರ ಮೇಲೆ ಎಡಗಾಲು ಇಟ್ಟು ನಿಂತು, ಹೊಳೆಯ ಕಡೆ ಮುಖ ಮಾಡಿ ದಾಟಿಸಿಬಿಟ್ಟೆ. ಹೆಂಡತಿಗೇ ನಿಲ್ಲಿಸದವನು ಇನ್ನು ಯಾರಿಗೆ ನಿಲ್ಲಿಸುತ್ತಾನೆ? ಮೋರಿಯ ಹತ್ತಿರ ಒಂದು ಬಿಳಿ ಅಂಗಿ ಒಂದು ಕೈ ಎತ್ತಿತು, ಆಮೇಲೆ ಎರಡೂ ಕೈ. ಕುಮಟೆಯ ಗಿರಾಕಿ ಇರಬೇಕೆಂದು ಸೀಟಿ ಊದಿ ಮುಂದೆ ಹೋದೆ. ಪಕ್ಕದಲ್ಲಿದ್ದ ಶಾನಭಾಗರು ಏನೋ ಹೇಳಲು ಬಾಯಿ ತೆರೆದವರು ಯಾಕೋ ಮುಚ್ಚಿಕೊಂಡರು.

ಚಪ್ಪರದಲ್ಲಿ ಚಪ್ಪಾಳೆ, ಹಾರ, ಎಲ್ಲ ಇತ್ತು. ಅಧಿಕಾರಿ ಇರಲಿಲ್ಲ. ಅರ್ಧ ಗಂಟೆಯ ನಂತರ ಹಳಿಯ ಮೇಲೆ ನಡೆದುಕೊಂಡು ಇಬ್ಬರು ಬಂದರು: ಒಂದೇ ಕೊಡೆಯ ಕೆಳಗೆ ಬಿಳಿ ಅಂಗಿ, ಹಸಿರು ಸೀರೆ. ರಸ್ತೆಗೆ ಅಡ್ಡ ನಿಂತ ಮೀನಿನ ಲಾರಿಯ ಹಿಂದೆ ಅಧಿಕಾರಿಯ ಕಾರು ಸಿಕ್ಕಿಬಿದ್ದಿತ್ತಂತೆ. ರೈಲಾದರೂ ಸಿಗಲಿ ಎಂದು ಮೋರಿಗೆ ಬಂದು ಕೈ ಮಾಡಿದರಂತೆ. ಹೆಗಡೆಯವರ ಮುಖ ಬಾಡಿದ ಬಾಳೆಲೆಯಾಯಿತು. ಆದರೆ ಆ ಮಹಾನುಭಾವರು, ಈ ರಸ್ತೆಯಲ್ಲಿ ಕೈ ಮಾಡಿದರೆ ನಿಲ್ಲದ ಗಾಡಿ ಇದೇ ಮೊದಲು ನೋಡಿದ್ದು, ಇದು ರೈಲೇ ಹೌದು ಎಂದು ಸಹಿ ಹಾಕಿಬಿಟ್ಟರು. ಕೆಳಗೆ ಒಂದು ಷರತ್ತು ಬರೆದರು: ಈ ಚಾಲಕರನ್ನು ಬಿಟ್ಟು. ಕನ್ನಡಕದ ಕಥೆಯನ್ನು ದಾರಿಯುದ್ದಕ್ಕೂ ಸಾವಿತ್ರಿ ಹೇಳಿದ್ದಳು.

ಮನೆಗೆ ಬಂದು ಅವಳು ಕನ್ನಡಕವನ್ನು ನನ್ನ ಮುಂದಿಟ್ಟಳು.

"ಊರಿಗೆಲ್ಲ ಮೂವತ್ತು ವರ್ಷ ನಿಲ್ಸಿದ್ರಿ. ನಾ ಒಂದೇ ಒಂದು ಸಲ ಕೈ ಮಾಡ್ದೆ."

ನಾಚಿಕೆಯಾಯಿತು, ಕನ್ನಡಕ ಹಾಕಿಕೊಂಡು ಕೂತೆ.

ಈಗ ಇಂಜಿನ್ನಿನ ಮೇಲೆ ಶಾನಭಾಗರು. ನನಗೆ ಮೋರಿಯ ಹತ್ತಿರ, ರಸ್ತೆ ಹಳಿಯನ್ನು ದಾಟುವಲ್ಲಿ, ಕೆಂಪು ಬಾವುಟ ಹಿಡಿದು ರಸ್ತೆಯ ವಾಹನ ನಿಲ್ಲಿಸುವ ಕೆಲಸ. ಟೆಂಪೋಗಳೇನೋ ಭಕ್ತಿಯಿಂದ ನಿಲ್ಲುತ್ತವೆ, ನಿಂತು ಎಲ್ಲಿಗೆ ಎಂದು ಕೇಳುತ್ತವೆ. ಮೊನ್ನೆ ಭಾನುವಾರ ಬಿಸಿಲು ನೆತ್ತಿ ಸುಡುತ್ತಿತ್ತು. ಹೊಳೆದಂಡೆಯಿಂದ ಮರಳುತ್ತಿದ್ದ ರೈಲಿನಲ್ಲೇ ಮನೆ ಸೇರೋಣ ಎಂದು ಕೈ ಮಾಡಿದೆ. ಶಾನಭಾಗರು ನೋಡದವರಂತೆ ಸೀಟಿ ಊದಿದರು. ಮೊದಲ ಕಿಟಕಿಯಲ್ಲಿ ಸಾವಿತ್ರಿ ಕೂತಿದ್ದಳು. ಕನ್ನಡಕ ಹಾಕಿದ್ದರಿಂದ ಅವಳ ನಗು ಸ್ಪಷ್ಟವಾಗಿ ಕಂಡಿತು. ನನ್ನನ್ನು ನೋಡಿ ಅವಳೂ ಕೈ ಎತ್ತಿದಳು, ನನ್ನ ಬಲಗಾಲು ನೆಲವನ್ನು ಒತ್ತಿಯೇ ಒತ್ತಿತು, ಗಾಡಿ ಹೋಯಿತು.