ತಮ್ಮ ಹಗ್ಗದ ಇನ್ನೊಂದು ತುದಿಯಿಂದ

ಶ್ರೀಮಾನ್ ಬಟಾಟ ಅವರಿಗೆ,
ಸೋಫಾದ ಎಡಭಾಗ, ಮೂರನೆಯ ಮಹಡಿ, ಬ್ಯೂನಸ್ ಐರಿಸ್.

ಮಾನ್ಯರೇ,

ತಮ್ಮ ಮೂಗಿಗೂ ಬಾಲಕ್ಕೂ ಸಕಲ ಸೌಖ್ಯ ಕೋರುತ್ತ, ಪಶುವೈದ್ಯರ ಚೀಟಿಯಲ್ಲಿ ಮಾತ್ರ ತಮ್ಮ ಯಜಮಾನನೆಂದು ದಾಖಲಾಗಿರುವ ಓವಿದಿಯೊ ಲಾನ್ಸೆಟ್ಟಿ ಎಂಬ ನಾನು ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ. ನಾಯಿಗಳು ಪತ್ರ ಓದುವುದಿಲ್ಲವೆಂದು ಬಲ್ಲೆ. ನಮ್ಮ ಕಟ್ಟಡದ ಆಡಳಿತ ಮಂಡಳಿಯೂ ಓದುವುದಿಲ್ಲ, ಆದರೂ ಅವರಿಗೆ ಬರೆಯುತ್ತಲೇ ಇದ್ದೇನೆ.

ನಾಲ್ಕು ವರ್ಷಗಳಿಂದ ಫೆರ್ಮಿನ್ ಎಂಬ ನಾಯಿ ನಡೆಸುವವನು ದಿನಾ ಬೆಳಿಗ್ಗೆ ತಮ್ಮನ್ನೂ ಇನ್ನು ಹನ್ನೊಂದು ನಾಯಿಗಳನ್ನೂ ಸೊಂಟಕ್ಕೆ ಕಟ್ಟಿಕೊಂಡು ಪಾರ್ಕಿಗೆ ಒಯ್ಯುತ್ತಿದ್ದುದು, ನಾನು ಬಾಲ್ಕನಿಯಲ್ಲಿ ಮಾಟೆ ಎಲೆಯ ಕಷಾಯ ಹೀರುತ್ತ ಕೈ ಬೀಸುತ್ತಿದ್ದುದು ಎರಡೂ ನಿಜ. ನಾಳೆಯಿಂದ ನಾನೇ ನಡೆಸುತ್ತೇನೆಂದು ಹೊಸ ಬೂಟು ಕೊಂಡೆ. ಹೆಜ್ಜೆ ಎಣಿಸುವ ಗಡಿಯಾರವನ್ನೂ ಕೊಂಡು, ಅದನ್ನು ಕಟ್ಟಿಕೊಂಡೇ ಮಲಗಿದೆ.

ಜನವರಿಯ ಬೇಸಿಗೆ ರಜೆಗೆ ಅರ್ಧ ಊರು ಕಡಲತೀರಕ್ಕೆ ಹೋದಂತೆ ಫೆರ್ಮಿನ್ನನೂ ಹೋದ. "ನಾಯಿ ನಿಮ್ದೇ ಅಲ್ವಾ ಸಾರ್? ಒಂದ್ ತಿಂಗ್ಳು ನಡೆಸಿ, ಏನೂ ಸಾಯಲ್ಲ" ಎಂದು ಹೇಳಿಯೇ ಹೋದ.

ಮೊದಲ ದಿನವೇ ತಾವು ಪಾರ್ಕನ್ನು ಬದಿಗಿಟ್ಟು, ಆ ಹನ್ನೊಂದು ಬಾಗಿಲುಗಳ ಮುಂದೆ ಒಂದೊಂದಾಗಿ ಕುಳಿತು, ಸಂಗಾತಿಗಳು ಇಳಿದು ಬರುವವರೆಗೆ ಕದಲಲಾರೆನೆಂದು ಹಟ ಹಿಡಿದ ಶಿಸ್ತನ್ನು ಎಷ್ಟು ಕೊಂಡಾಡಿದರೂ ಸಾಲದು. ಒಂದು ಕಟ್ಟಡದ ಮುಂದೆ ಫುಟ್‌ಪಾತ್ ತೊಳೆಯುತ್ತಿದ್ದ ಕಾವಲಿನವಳು, "ಏನೋ ಬಟಾಟ, ಹೊಸಬನ್ನ ಹಿಡ್ಕೊಂಡ್ ಬಂದ್ಯಾ?" ಎಂದು ತಮ್ಮ ಕಿವಿ ಸವರಿದಳು. ಮುಂದಿನ ಬಾಗಿಲಲ್ಲಿ ದೋನ್ಯಾ ಎಲ್ವಿರಾ ಎಂಬ ಹಿರಿಯ ಹೆಂಗಸು ನೈಟಿಯಲ್ಲೇ ಇಳಿದು ಬಂದು, "ಫೆರ್ಮಿನ್ ಬದ್ಲಿಗೆ ನೀವಾ? ತಗೊಳ್ಳಪ್ಪ. ಪಾರಿವಾಳ ಕಂಡ್ರೆ ಎಳೀತಾನೆ, ಗಟ್ಟಿ ಹಿಡ್ಕೊಳ್ಳಿ" ಎಂದು ಅವರ ಮನೆಯ ನಾಯಿಯ ಹಗ್ಗವನ್ನು ನನ್ನ ಕೈಗಿತ್ತು ಬಾಗಿಲು ಹಾಕಿಕೊಂಡರು. ನಾನು ಬಟಾಟನ ಯಜಮಾನ ಎನ್ನಲು ಬಾಯಿ ತೆರೆದೆ. ಸಾಕ್ಷಿ ಹೇಳಬೇಕಾದ ತಾವು ಕಂಬ ಮೂಸುತ್ತಿದ್ದಿರಿ.

ವಾರದೊಳಗೆ ನನ್ನ ಸೊಂಟದಲ್ಲಿ ಐದು ನಾಯಿಗಳು. ಸಂಕಲ್ಪಕ್ಕೆ ಜಗ್ಗದ ಮೈ ನಾಚಿಕೆಗೆ ಜಗ್ಗಿತು. ಏಳಕ್ಕೆ ಬಾಗಿಲಲ್ಲಿ ನಿಲ್ಲದಿದ್ದರೆ ಎಲ್ವಿರಾ ಫೋನ್ ಮಾಡಿ ಬೈಯುತ್ತಾರೆ. ನಡಿಗೆಗೆ ಹುರುಪು ತರುವ ಈ ವಿಧಾನವನ್ನು ಕಂಡುಹಿಡಿದ ತಮಗೆ ನಗರಸಭೆ ಪದಕ ತೊಡಿಸಬೇಕು.

ಆದರೆ ನಿನ್ನೆ ನಡೆದದ್ದನ್ನು ಮಾತ್ರ ನುಂಗಲಾರೆ. ಉಳಿದ ನಾಲ್ವರನ್ನು ಅವರವರ ಮನೆಗೆ ಮುಟ್ಟಿಸಿ ನಮ್ಮ ಬಾಗಿಲಿಗೆ ಬಂದಾಗ ತಾವು ಅಲ್ಲಿಯೂ ಕುಳಿತಿರಿ. ಕತ್ತೆತ್ತಿ ನಮ್ಮ ಬಾಲ್ಕನಿಯನ್ನೇ ನೋಡುತ್ತ, ಯಜಮಾನ ಇಳಿದು ಬಂದು ತಮ್ಮನ್ನು ಒಳಗೆ ಒಯ್ಯಲೆಂದು ಕಾದಿರಿ. ಆ ಯಜಮಾನ ಬೆವರು ಸುರಿಸುತ್ತ ತಮ್ಮ ಪಕ್ಕದಲ್ಲೇ ನಿಂತಿದ್ದ. ನನಗೆ ನಿಜಕ್ಕೂ ಸಂಕಟವಾಯಿತು.

ಆದುದರಿಂದ, ಮೇಲೆ ಕೈ ಬೀಸುವವನೂ ಕೆಳಗೆ ಹಗ್ಗ ಹಿಡಿದವನೂ ಒಬ್ಬನೇ ಎಂಬುದನ್ನು ದಯವಿಟ್ಟು ಮೂಸಿ ಖಚಿತಪಡಿಸಿಕೊಂಡು, ದೋನ್ಯಾ ಎಲ್ವಿರಾ ಅವರ ಎದುರು ಬಾಲವಾಡಿಸಿ ದೃಢೀಕರಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ (ತಾವು ನನ್ನವರೋ ಎಂಬುದು ತಮ್ಮ ಚಿತ್ತ),
ಓವಿದಿಯೊ ಲಾನ್ಸೆಟ್ಟಿ

ತಾಜಾಕಲಂ: ಫೆರ್ಮಿನ್ ಸೋಮವಾರ ಬರುತ್ತಾನಂತೆ. ಇನ್ನು ಬಟಾಟನನ್ನು ನಾನೇ ನಡೆಸುತ್ತೇನೆ ಎಂದು ಫೋನಿನಲ್ಲಿ ಹೇಳಿದೆ. "ಆಗ್ಲಿ ಸಾರ್, ಆದ್ರೆ ಅವನನ್ನೂ ಒಂದ್ ಮಾತು ಕೇಳಿ" ಎಂದು ನಕ್ಕ. ಅಂದು ಏಳು ಗಂಟೆಗೆ ಫೆರ್ಮಿನ್ನನೂ ನಾನೂ ಬಾಗಿಲಲ್ಲಿ ನಿಂತಿರುತ್ತೇವೆ. ತಾವು ಯಾವ ಒತ್ತಡಕ್ಕೂ ಮಣಿಯದೆ ಸ್ವಂತ ಬುದ್ಧಿಯಿಂದ ಆರಿಸಿಕೊಳ್ಳಬೇಕು. ನನ್ನ ಜೇಬಿನಲ್ಲಿ ಸುಟ್ಟ ಚೊರಿಸೊ ಸಾಸೇಜಿನ ತುಂಡು ಇರುವುದು ಕೇವಲ ಆಕಸ್ಮಿಕ.